ನಿಂಬೆ ಕೊಂಬೆಗೆ ಕವೆಗೋಲು

2024ರ ಫೆಬ್ರವರಿ 4, ಭಾನುವಾರ. ಕ್ಯಾಲಿಫೋರ್ನಿಯಾದಲ್ಲಿ ಜೋರು ಗಾಳಿ ಮಳೆ ಬಂದ ದಿನ. ಸನ್ನಿವೇಲ್‌ನ ನಮ್ಮ ಮನೆ ಹಿತ್ತಲಲ್ಲಿ ನಿಂಬೆ ಗಿಡದ ಒಂದು ಕೊಂಬೆ ಬುಡದಲ್ಲಿ ಸೀಳಿತು. ಪೂರ್ತಿ ಮುರಿಯಲಿಲ್ಲ, ಜೋತು ಬಿತ್ತು. ಬೇರೆ ಕೊಂಬೆ ಆಗಿದ್ದರೆ ಗರಗಸ ತಂದು ಕತ್ತರಿಸಿ ಹಾಕುತ್ತಿದ್ದೆ. ಆದರೆ ಈ ಕೊಂಬೆಯ ಮೇಲೆ ಹಮ್ಮಿಂಗ್‌ಬರ್ಡ್ ಗೂಡಿತ್ತು. ಗೂಡಲ್ಲಿ ಎರಡು ಮೊಟ್ಟೆ. ಮೊಟ್ಟೆಯ ಮೇಲೆ ತಾಯಿ ಹಕ್ಕಿ ಕೂತೇ ಇತ್ತು, ಗಾಳಿಗೆ ಎದುರಾಗಿ, ಕೊಕ್ಕು ಮೇಲಕ್ಕೆತ್ತಿಕೊಂಡು.

ಗೂಡು ಮುಟ್ಟದೆ ಆ ಕೊಂಬೆಯನ್ನು ಹೇಗೆ ನಿಲ್ಲಿಸಿದೆವು ಅನ್ನುವುದರ ದಿನದ ಲೆಕ್ಕ ಇದು. ಕೆಲಸ ಮಾಡಿದ್ದು ನಾನು ಮತ್ತು ಅಪ್ಪ. ಅಪ್ಪ ಅಮ್ಮ ಡಿಸೆಂಬರ್‌ನಲ್ಲಿ ಚನ್ನಗಿರಿಯಿಂದ ಬಂದಿದ್ದರು. ಅಪ್ಪ ಮೂವತ್ತು ವರ್ಷ ಕಟ್ಟಡದ ಕೆಲಸ ಮಾಡಿಸಿದವರು. ಜೊತೆಗೆ ಸಣ್ಣದೊಂದು ಅಡಿಕೆ, ಬಾಳೆ ತೋಟ ಇದೆ. ಎರಡರ ಅನುಭವವೂ ಇಲ್ಲಿ ಕೆಲಸಕ್ಕೆ ಬಂತು.

ಜನವರಿ 13, ಶನಿವಾರ

ಶುರುವಾಗಿದ್ದು ಜೇಡರ ಬಲೆಯಿಂದ. ಅಮ್ಮ ಬೆಳಗ್ಗೆ ಪೊರಕೆ ಹಿಡಿದು ಅಡುಗೆ ಮನೆ ಕಿಟಕಿಯ ಹೊರಗಿನ ಬಲೆ ಹೊಡೆಯಲು ಹೋಗಿದ್ದಳು. ಎರಡೇ ನಿಮಿಷಕ್ಕೆ ಪಿಸುದನಿಯಲ್ಲಿ ನನ್ನನ್ನು ಕರೆದಳು. ಅವಳ ಮುಖದಿಂದ ಒಂದು ಗೇಣು ದೂರದಲ್ಲಿ ಹಸಿರು ಹಕ್ಕಿಯೊಂದು ಗಾಳಿಯಲ್ಲಿ ನಿಂತಿತ್ತು. ಕಿಟಕಿಯ ಮೂಲೆಯ ಬಲೆಗೆ ಕೊಕ್ಕು ಹಾಕಿ, ಕತ್ತು ಅತ್ತಿತ್ತ ಆಡಿಸಿ, ನೂಲು ಸುತ್ತಿಕೊಂಡು ಹೋಯಿತು. ಐದು ನಿಮಿಷಕ್ಕೆ ಮತ್ತೆ ಬಂತು. ಅಮ್ಮ ಪೊರಕೆ ಕೆಳಗಿಟ್ಟಳು. ಅವತ್ತಿನಿಂದ ಜೂನ್‌ವರೆಗೆ ನಮ್ಮ ಮನೆಯ ಹೊರಗಿನ ಬಲೆಗೆ ಯಾರೂ ಕೈ ಹಚ್ಚಲಿಲ್ಲ.

ಇದು ಅನ್ನಾಸ್ ಹಮ್ಮಿಂಗ್‌ಬರ್ಡ್. ಸುಮಾರು 10 ಸೆಂ.ಮೀ. ಉದ್ದ, ನಾಲ್ಕು ಗ್ರಾಮ್‌ಗಿಂತ ಸ್ವಲ್ಪ ಜಾಸ್ತಿ ತೂಕ. ಅನ್ನಾ ಮಸೇನಾ ಎಂಬ ಫ್ರೆಂಚ್ ಶ್ರೀಮಂತ ಮನೆತನದ ಹೆಂಗಸಿನ ಹೆಸರನ್ನು 1829ರಲ್ಲಿ ರೆನೆ ಲೆಸನ್ ಇದಕ್ಕೆ ಇಟ್ಟ. ಎಷ್ಟೋ ಹಮ್ಮಿಂಗ್‌ಬರ್ಡ್‌ಗಳು ಚಳಿಗಾಲ ಬಂದರೆ ಮೆಕ್ಸಿಕೋ ಕಡೆ ಹೊರಡುತ್ತವೆ. ಇದು ಹಾಗಲ್ಲ, ವರ್ಷವಿಡೀ ಇಲ್ಲೇ ಇರುತ್ತದೆ. ಇಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಹೂ ಬಿಡುವುದೂ ಆ ಮಳೆಗೆ. ಅದಕ್ಕೇ ಡಿಸೆಂಬರ್‌ನಿಂದಲೇ ಗೂಡು ಕಟ್ಟಲು ಶುರು ಮಾಡುತ್ತದೆ. ಇಪ್ಪತ್ತನೇ ಶತಮಾನದ ಮೊದಲ ಭಾಗದವರೆಗೆ ಇದು ಗೂಡು ಕಟ್ಟುತ್ತಿದ್ದುದು ಮೆಕ್ಸಿಕೋದ ಬಾಹಾ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ. ಮನೆ ತೋಟಗಳ ಹೂಗಳು, ಹೊರಗಿನಿಂದ ಬಂದ ನೀಲಗಿರಿ ಮರಗಳು, ಜನ ತೂಗುಹಾಕಿದ ಸಕ್ಕರೆ ನೀರಿನ ಬಾಟಲಿಗಳು, ಇವೆಲ್ಲ ಸೇರಿ ಇದನ್ನು ಉತ್ತರಕ್ಕೆ ಕರೆದುಕೊಂಡು ಹೋದವು. ಈಗ ಕೆನಡಾದ ವ್ಯಾಂಕೂವರ್‌ವರೆಗೂ ಇದೆ. 2017ರಲ್ಲಿ ಆ ಊರು ಇದನ್ನೇ ತನ್ನ ಹಕ್ಕಿ ಎಂದು ಆರಿಸಿಕೊಂಡಿತು.

ಬಲೆ ತೆಗೆದುಕೊಂಡು ಎಲ್ಲಿಗೆ ಹೋಗುತ್ತದೆ ಅಂತ ನೋಡಿದೆವು. ನಿಂಬೆ ಗಿಡಕ್ಕೆ. ಅಡುಗೆ ಮನೆ ಕಿಟಕಿಯಿಂದ ಸರಿಯಾಗಿ ನಾಲ್ಕು ಮೀಟರ್.

ಜನವರಿ 14ರಿಂದ 20

ಗೂಡು ಕಟ್ಟಿ ಮುಗಿಯಲು ಒಂದು ವಾರ ಹಿಡಿಯಿತು. ಗಂಡು ಹಕ್ಕಿ ಒಂದು ಎಳೆಯನ್ನೂ ತರುವುದಿಲ್ಲ. ಆಕಾಶಕ್ಕೆ ಏರಿ, ನೇರ ಕೆಳಗೆ ಧುಮುಕಿ, ಬಾಲದ ಗರಿಗಳಿಂದ 'ಚಿಪ್' ಅಂತ ಒಂದು ಸದ್ದು ಹೊರಡಿಸಿ ಹೆಣ್ಣಿಗೆ ತೋರಿಸುವುದು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಗೂಡು, ಕಾವು, ಮರಿ ಸಾಕುವುದು ಎಲ್ಲ ಹೆಣ್ಣಿನದೇ. ಇದನ್ನು ಕೇಳಿದ ಮೇಲೆ ಅಮ್ಮ ಅದನ್ನು 'ಬಾಣಂತಿ' ಅಂತಲೇ ಕರೆಯಲು ಶುರು ಮಾಡಿದಳು. ಆಮೇಲೆ ನಮ್ಮ ಮನೆಯಲ್ಲಿ ಅದು 'ಅದು' ಆಗಿ ಉಳಿಯಲಿಲ್ಲ, 'ಅವಳು' ಆಯಿತು.

ಅವಳು ಕಟ್ಟುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಮೊದಲು ಕೊಂಬೆಗೆ ಜೇಡರ ನೂಲು ಸುತ್ತಿದಳು. ಅದರ ಮೇಲೆ ಬಿಳಿ ಹತ್ತಿಯಂಥ ಗಿಡದ ನವಿರು. ಒಂದು ತುಂಡು ಇಟ್ಟ ಕೂಡಲೇ ಗೂಡಿನ ಒಳಗೆ ಕೂತು, ಕಾಲಿನಿಂದ ತಟತಟ ತುಳಿಯುತ್ತಾಳೆ. ಇಡೀ ಮೈ ನಡುಗುತ್ತದೆ. ತಳ ಗಟ್ಟಿಯಾಗುವುದು ಹೀಗೆ. ಆಮೇಲೆ ಎದೆಯನ್ನು ಗೋಡೆಗೆ ಒತ್ತಿ, ಕೂತಲ್ಲೇ ಸ್ವಲ್ಪ ತಿರುಗಿ, ಮತ್ತೆ ಒತ್ತಿ, ಬಟ್ಟಲಿನ ಆಕಾರ ತರುತ್ತಾಳೆ. ಕೊನೆಗೆ ಕತ್ತು ಹೊರಗೆ ಚಾಚಿ, ಗದ್ದದಿಂದ ಅಂಚನ್ನು ಸವರುತ್ತಾಳೆ. ಗಾರೆ ಕೆಲಸದವರು ಕರಣೆಯಲ್ಲಿ ಅಂಚು ತೀಡುವ ಹಾಗೆ ಅಂತ ಅಪ್ಪ ಹೇಳಿದರು. ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಅವರು ಕಾಫಿ ಆರುವವರೆಗೂ ನೋಡುತ್ತಾ ಕೂರುತ್ತಿದ್ದರು.

ಗೂಡಿನ ಅಳತೆ ಹೊರಗಿನಿಂದ ಸುಮಾರು 4 ಸೆಂ.ಮೀ. ಅಗಲ, ಎರಡೂವರೆ ಸೆಂ.ಮೀ. ಎತ್ತರ. ನಮ್ಮೂರ ನಿಂಬೆಹಣ್ಣನ್ನು ಅಡ್ಡಕ್ಕೆ ಕೊಯ್ದು ಮಗುಚಿಟ್ಟರೆ ಎಷ್ಟಿರುತ್ತದೋ ಅಷ್ಟೇ. ಹೊರಗೋಡೆಗೆ ಬೂದು ಹಸಿರು ಬಣ್ಣದ ಚಕ್ಕೆಗಳನ್ನು ಅಂಟಿಸಿದ್ದಳು. ನಮ್ಮ ಹಳೇ ಮರದ ಬೇಲಿಯ ಮೇಲೆ ಬೆಳೆದಿದ್ದ ಚಕ್ಕೆ ಅದು. ಅಮ್ಮ ಫೋಟೋ ದೊಡ್ಡದು ಮಾಡಿ ನೋಡಿ, 'ಇದು ಕಲ್ಲುಹೂವು ಅಲ್ವಾ?' ಅಂದಳು. ಹೌದು, ಅದೇ ಜಾತಿಯದು. ನಾವು ಮಸಾಲೆಗೆ ಹುರಿದು ಹಾಕುವ ಕಲ್ಲುಹೂವಿನ ದೂರದ ನೆಂಟ. ಅದನ್ನು ಹಚ್ಚಿದ ಮೇಲೆ ಗೂಡು ಕೊಂಬೆಯ ಮೇಲಿನ ಗಂಟಿನ ಹಾಗೆ ಕಾಣುತ್ತದೆ. ಎಲ್ಲಿದೆ ಅಂತ ಗೊತ್ತಿದ್ದೂ ನಾನು ಎಷ್ಟೋ ಸಲ ಹುಡುಕಬೇಕಾಯಿತು.

ಅಪ್ಪನಿಗೆ ಒಂದು ವಿಷಯ ಒಪ್ಪಿಗೆ ಆಗಲಿಲ್ಲ. ತೋಟದಲ್ಲಿ ಸೂರಕ್ಕಿ ಗೂಡು ನೋಡಿ ಗೊತ್ತು ಅವರಿಗೆ. ಅದು ತೂಗಾಡುವ ಚೀಲ. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಪುಟ್ಟ ಮಾಡು. ಮಳೆ ಒಳಗೆ ಬರುವುದಿಲ್ಲ. 'ಇದಕ್ಕೆ ಸೂರೇ ಇಲ್ವಲ್ಲೋ. ಮಳೆಗಾಲದಲ್ಲಿ ಕಟ್ತಾಳೆ, ಮೇಲೆ ಏನೂ ಇಲ್ಲ!' ನಮ್ಮ ಸೂರಕ್ಕಿಗೂ ಹಮ್ಮಿಂಗ್‌ಬರ್ಡ್‌ಗೂ ನೆಂಟಸ್ತನ ಇಲ್ಲ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಇಬ್ಬರೂ ಹೂವಿನ ರಸ ಕುಡಿಯುತ್ತಾರೆ, ಇಬ್ಬರೂ ಜೇಡರ ನೂಲು ಬಳಸುತ್ತಾರೆ, ಮನೆ ಮಾತ್ರ ಬೇರೆ ಬೇರೆ. ಸರಿಯಾಗಿ ನೋಡಿದಾಗ ಗೂಡಿನ ಮೇಲೆ ಒಂದು ಅಗಲದ ನಿಂಬೆ ಎಲೆ ಬಾಗಿತ್ತು. ಅವಳ ಸೂರು ಅದೇ. ಈ ಎಲೆಯ ಮಾತು ಮುಂದೆ ಮತ್ತೆ ಬರುತ್ತದೆ.

ಜನವರಿ 27

ಅವಳು ದಿನವಿಡೀ ಕೂರಲು ಶುರು ಮಾಡಿದ್ದಳು. ಒಂದೇ ಒಂದು ಸಲ, ಅವಳು ಹೊರಗೆ ಹೋದಾಗ, ಕೋಲಿನ ತುದಿಗೆ ಪುಟ್ಟ ಕನ್ನಡಿ ಕಟ್ಟಿ ಮೇಲಿನಿಂದ ನೋಡಿದೆ. ಎರಡು ಬಿಳಿ ಮೊಟ್ಟೆ. ಅವರೆಕಾಳಿನ ಗಾತ್ರ, ಉದ್ದ 1.3 ಸೆಂ.ಮೀ. ಇದ್ದೀತು. ಊರಲ್ಲಿ ಅವರೆಕಾಳಿನ ಕಾಲವೇ ಆಗಿತ್ತು, ಅಮ್ಮನಿಗೆ ಮೊದಲು ನೆನಪಾಗಿದ್ದೂ ಅದೇ. ಹತ್ತು ಸೆಕೆಂಡಿಗೆ ಕನ್ನಡಿ ತೆಗೆದೆ. ಮತ್ತೆ ಹಾಗೆ ಮಾಡಲಿಲ್ಲ. ಪದೇ ಪದೇ ಹತ್ತಿರ ಹೋದರೆ ನಮ್ಮನ್ನು ನೋಡಿ ಕಾಗೆ, ನೀಲಿ ಜೇ ಹಕ್ಕಿಗಳು ಗೂಡು ಪತ್ತೆ ಮಾಡುತ್ತವೆ. ಮೊಟ್ಟೆ ಕದಿಯುವುದರಲ್ಲಿ ಅವು ಗಟ್ಟಿಗರು.

ನಿಂಬೆ ಎಲೆಗೆ ಹೊಡೆಯಲು ತಂದಿದ್ದ ಬೇವಿನೆಣ್ಣೆ ಬಾಟಲಿಯನ್ನು ಅವತ್ತೇ ಎತ್ತಿಟ್ಟೆ. ಗಿಡದ ಹತ್ತಿರ ತೂಗುಹಾಕಿದ್ದ ಸಕ್ಕರೆ ನೀರಿನ ಬಾಟಲಿಯನ್ನು ಮನೆ ಮುಂದಕ್ಕೆ ಸಾಗಿಸಿದೆ. ಅಲ್ಲಿಗೆ ಬರುವ ಬೇರೆ ಹಕ್ಕಿಗಳ ಜೊತೆ ಅವಳು ದಿನವಿಡೀ ಜಗಳ ಆಡುತ್ತಿದ್ದಳು, ಮೊಟ್ಟೆ ಬಿಟ್ಟು ಏಳುತ್ತಿದ್ದಳು. ನೀರಿನ ಅಳತೆ ಕೇಳುವವರಿಗೆ: ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು, ಬೇರೇನೂ ಬೇಡ. ಬಣ್ಣ ಬೇಡ, ಜೇನುತುಪ್ಪ ಬೇಡ, ಬೆಲ್ಲವೂ ಬೇಡ. ಸೆಖೆ ಇದ್ದರೆ ಎರಡು ಮೂರು ದಿನಕ್ಕೊಮ್ಮೆ ಬದಲಿಸಿ, ಬಾಟಲಿ ತಿಕ್ಕಿ ತೊಳೆಯಬೇಕು.

ಫೆಬ್ರವರಿ 4, ಸಂಜೆ

ಮಧ್ಯಾಹ್ನವೇ ಕರೆಂಟ್ ಹೋಗಿತ್ತು. ನಾಲ್ಕು ಗಂಟೆಗೆ ಗಾಳಿ ಸ್ವಲ್ಪ ಇಳಿದಾಗ ಕಿಟಕಿಯಿಂದ ನೋಡಿದರೆ ಗೂಡು ಇರಬೇಕಾದ ಜಾಗದಲ್ಲಿ ಇಲ್ಲ. ಎದೆ ಧಸಕ್ಕೆಂದಿತು. ಮಳೆಯಲ್ಲೇ ಓಡಿದೆ. ಗೂಡು ಕೆಳಗೆ ಇಳಿದಿತ್ತು, ಬಿದ್ದಿರಲಿಲ್ಲ.

ಕೊಂಬೆ ಬುಡದಲ್ಲಿ ನಾಲ್ಕು ಸೆಂ.ಮೀ. ದಪ್ಪ. ಕಾಂಡಕ್ಕೆ ಸೇರುವ ಜಾಗದಲ್ಲಿ ಮೇಲ್ಗಡೆಯಿಂದ ಸೀಳಿ, ಸೀಳು ಕೊಂಬೆಯ ಉದ್ದಕ್ಕೆ ಸುಮಾರು 12 ಸೆಂ.ಮೀ. ಹರಿದಿತ್ತು. ಕೆಳಗಿನ ಅರ್ಧ ಇನ್ನೂ ಹಿಡಿದುಕೊಂಡಿತ್ತು. ಗೂಡು ಕಾಂಡದಿಂದ 70 ಸೆಂ.ಮೀ. ಆಚೆ. ಮೊದಲು ಐದೂವರೆ ಅಡಿ ಎತ್ತರದಲ್ಲಿ ಇದ್ದದ್ದು ಈಗ 22 ಸೆಂ.ಮೀ. ಕೆಳಗೆ. ಫೋಟೋ ತೆಗೆದು ಅಳೆದರೆ ಗೂಡು 18 ಡಿಗ್ರಿ ವಾಲಿತ್ತು. ಮೊಟ್ಟೆ ಉಳಿದದ್ದಕ್ಕೆ ಗೂಡಿನ ಅಂಚೇ ಕಾರಣ. ಆ ಅಂಚು ಒಳಕ್ಕೆ ಬಾಗಿರುತ್ತದೆ, ಮೊಟ್ಟೆ ಸುಲಭಕ್ಕೆ ಉರುಳುವುದಿಲ್ಲ. ಆದರೆ ಇನ್ನೊಂದು ಗಾಳಿ ಬಂದಿದ್ದರೆ ಕೊಂಬೆಯೇ ಕಳಚಿ ಬೀಳುತ್ತಿತ್ತು.

ಕಾರಣ ಗಾಳಿಯೊಂದೇ ಅಲ್ಲ. ಕೊಂಬೆ ತುಂಬ ಹಣ್ಣು. ಚಳಿಗಾಲದಲ್ಲೇ ಹಣ್ಣಾಗುವ ಮೇಯರ್ ನಿಂಬೆ ಅದು. ಹಣ್ಣು ಕಿತ್ತು ಕೊಂಬೆ ಹಗುರ ಮಾಡಬೇಕಿತ್ತು. ಗೂಡು ಕಂಡ ಮೇಲೆ ಗಿಡ ಮುಟ್ಟುವುದೇ ಬೇಡ ಅಂತ ನಾನು ಬಿಟ್ಟಿದ್ದೆ. ಆ ಭಾರ, ಮೇಲೆ ಮಳೆ ನೀರಿನ ಭಾರ, ಅದರ ಮೇಲೆ ಗಾಳಿ.

ಕತ್ತಲಾಗಲು ಹೆಚ್ಚು ಹೊತ್ತು ಇರಲಿಲ್ಲ. ಉದ್ದದ ಪೊರಕೆ ಕೋಲಿನ ತುದಿಗೆ ಹಳೇ ಟವೆಲ್ ಸುತ್ತಿ, ಕೊಂಬೆ ಕೆಳಗೆ ಆನಿಸಿ ನಿಲ್ಲಿಸಿದೆ. ಎತ್ತಲಿಲ್ಲ. ಇನ್ನೂ ಕೆಳಗೆ ಇಳಿಯದೇ ಇದ್ದರೆ ಸಾಕು ಅಂತ. ಅವಳು ಎದ್ದು ಹೋದವಳು ಆರು ನಿಮಿಷಕ್ಕೆ ವಾಪಸ್ ಬಂದು ಕೂತಳು.

ಫೆಬ್ರವರಿ 5

ಬೆಳಗ್ಗೆ ಎದ್ದು ನೋಡಿದರೆ ಕೋಲು ನೆನೆದ ಮಣ್ಣಿನಲ್ಲಿ ನಾಲ್ಕು ಸೆಂ.ಮೀ. ಹೂತು ಹೋಗಿತ್ತು. ಕೊಂಬೆ ಮತ್ತೆ ಕೋಲು ಬಿಟ್ಟು ನಿಂತಿತ್ತು. ಅಪ್ಪ ನೋಡಿ ಒಂದೇ ಮಾತು ಹೇಳಿದರು: 'ಸೆಂಟ್ರಿಂಗ್ ಕಂಬದ ಕೆಳಗೆ ಹಲಗೆ ಇಲ್ಲದೆ ಯಾರಾದ್ರೂ ಮೋಲ್ಡ್ ಹಾಕ್ತಾರೇನೋ?' ಮೋಲ್ಡ್ ಅಂದರೆ ಕಾಂಕ್ರೀಟ್ ಛಾವಣಿ, ಅದು ಗಟ್ಟಿಯಾಗುವವರೆಗೆ ಕೆಳಗೆ ಕೊಡುವ ಆಸರೆ ಸೆಂಟ್ರಿಂಗ್.

ಮೊದಲು ಹತ್ತಿರದ ಹಕ್ಕಿ ಆರೈಕೆ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿನ ಸ್ವಯಂಸೇವಕಿ ಹೇಳಿದ್ದು ಇಷ್ಟು: ಗೂಡನ್ನು ಬೇರೆ ಕಡೆ ಸಾಗಿಸಬೇಡಿ, ಅದು ಇರುವಲ್ಲೇ ಕೊಂಬೆಗೆ ಆಸರೆ ಕೊಡಿ, ಬೇಗ ಮುಗಿಸಿ ದೂರ ಹೋಗಿ. ಕಾನೂನೂ ಅದನ್ನೇ ಹೇಳುತ್ತದೆ. 1918ರ ವಲಸೆ ಹಕ್ಕಿಗಳ ಕಾಯ್ದೆಯ ಪ್ರಕಾರ ಮೊಟ್ಟೆ ಮರಿ ಇರುವ ಗೂಡನ್ನು ಅನುಮತಿ ಇಲ್ಲದೆ ಕೀಳುವುದು, ಜರುಗಿಸುವುದು ಅಪರಾಧ. ಹಕ್ಕಿ ವಲಸೆ ಹೋಗದಿದ್ದರೂ ಈ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ಕಾನೂನು ಬದಿಗಿಟ್ಟರೂ, ಗೂಡು ಎರಡು ಮಾರು ಪಕ್ಕಕ್ಕೆ ಹೋದರೆ ಅವಳು ಹಳೇ ಜಾಗಕ್ಕೇ ಬಂದು ಹುಡುಕುತ್ತಾಳೆ. ಮೊಟ್ಟೆ ತಣ್ಣಗಾಗುತ್ತದೆ.

ಬಾಳೆ ಗೊನೆ ಭಾರಕ್ಕೆ ಗಿಡ ವಾಲಿದರೆ ತೋಟದಲ್ಲಿ ಏನು ಮಾಡುತ್ತಾರೆ? ಕವೆಗೋಲು ಕೊಡುತ್ತಾರೆ, ಅಂದರೆ ತುದಿ ಕವಲೊಡೆದ ಆಸರೆ ಕೋಲು. ಇಲ್ಲೂ ಅದನ್ನೇ ಮಾಡುವುದು ಅಂತ ಅಪ್ಪ ತೀರ್ಮಾನಿಸಿದರು. ಜನವರಿಯಲ್ಲಿ ನಮ್ಮ ಪ್ಲಮ್ ಮರ ಸವರಿದ ಕೊಂಬೆಗಳು ಮೂಲೆಯಲ್ಲಿ ಬಿದ್ದಿದ್ದವು. ಅದರಲ್ಲಿ ಒಂದು ಒಳ್ಳೆ ಕವೆ ಸಿಕ್ಕಿತು, ಎರಡು ಬೆರಳು ದಪ್ಪ. ಅಂಗಡಿಯಿಂದ ಎರಡಿಂಚು ಚೌಕದ, ಎಂಟು ಅಡಿಯ ರೆಡ್‌ವುಡ್ ಗೂಟ ತಂದೆ. ಗೂಟವನ್ನು ಅಳತೆಗೆ ಕೊಯ್ದು, ತುದಿಗೆ ಕವೆಯನ್ನು ಎರಡು ಉದ್ದ ಸ್ಕ್ರೂ ಹಾಕಿ ಬಿಗಿದೆ. ಈ ಎಲ್ಲ ಕೆಲಸ ಗ್ಯಾರೇಜಿನ ಒಳಗೆ, ಬಾಗಿಲು ಹಾಕಿಕೊಂಡು. ಗಿಡದ ಕೆಳಗೆ ಡ್ರಿಲ್ ಸದ್ದು ಆಗಬಾರದು ಅಂತ.

ಕವೆಯ ಒಳಗೆ ಮೆತ್ತೆ ಬೇಕು, ಇಲ್ಲದಿದ್ದರೆ ನಿಂಬೆ ತೊಗಟೆ ಕಿತ್ತು ಬರುತ್ತದೆ. ಅಪ್ಪ ಹಳೇ ಸೈಕಲ್ ಟ್ಯೂಬ್ ಕೇಳಿದರು. ಅದನ್ನು ಸೀಳಿ ಎರಡು ಪದರ ಸುತ್ತಿದೆವು. ಟವೆಲ್, ಗೋಣಿ, ಹಗ್ಗ ಯಾವುದೂ ಬೇಡ ಅಂತ ನಾನು ಹಟ ಹಿಡಿದೆ. ಎಳೆ ಬಿಟ್ಟ ಬಟ್ಟೆ ಕಂಡರೆ ಅವಳು ಗೂಡಿಗೆ ಅಂತ ಎಳೆಯಬಹುದು. ಅಂಥ ನೂಲು ಕಾಲಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಇರುವೆ ತಡೆಯಲು ಗೂಟಕ್ಕೆ ಅಂಟು ಬಳಿಯುವ ಯೋಚನೆಯನ್ನೂ ಬಿಟ್ಟೆವು. ಅಂಟು ರೆಕ್ಕೆಗೆ ತಾಗಿದರೆ ಮುಗಿಯಿತು.

ಆಸರೆ ಎಲ್ಲಿ ಕೊಡಬೇಕು ಅನ್ನುವುದಕ್ಕೆ ನಮ್ಮಿಬ್ಬರಲ್ಲಿ ಅರ್ಧ ಗಂಟೆ ಚರ್ಚೆ ಆಯಿತು. ನಾನು ಗೂಡಿನ ನೇರ ಕೆಳಗೆ ಅಂದೆ. ಅಪ್ಪ ಬೇಡ ಅಂದರು. 'ಕಾಂಡಕ್ಕೂ ಗೂಡಿಗೂ ಮಧ್ಯೆ ಕೊಡು. ಕೆಳಗಿಂದ ಏನೇ ಅಲುಗಾಡಿದ್ರೂ ಅದು ಸೀದಾ ಅವಳ ಕಾಲಿಗೆ ಹೋಗಬಾರದು ಕಣೋ.' ಅವರ ಮಾತೇ ಸರಿ. ಗೂಟವನ್ನು ಕಾಂಡದಿಂದ 45 ಸೆಂ.ಮೀ. ದೂರದಲ್ಲಿ ಇಡುವುದೆಂದು ಗುರುತು ಮಾಡಿದೆವು. ಗೂಡಿರುವ ತುದಿ ಮೊದಲಿನ ಹಾಗೆ ಗಾಳಿಗೆ ಸ್ವಲ್ಪ ತೂಗುತ್ತದೆ, ಅವಳಿಗೆ ಅದು ಅಭ್ಯಾಸ ಇದೆ.

ಕೆಲಸಕ್ಕೆ ಸಮಯ ಯಾವಾಗ? ಒಂದು ಗಂಟೆ ಗಡಿಯಾರ ಹಿಡಿದು ಕೂತೆ. ಐದು ಸಲ ಎದ್ದು ಹೋದಳು. ಪ್ರತಿ ಸಲ ಮೂರರಿಂದ ಏಳು ನಿಮಿಷ. ಹಾಗಾಗಿ ಎಲ್ಲ ಕೆಲಸವನ್ನೂ ಮೂರು ನಿಮಿಷದ ತುಂಡುಗಳಾಗಿ ಮಾಡಿಕೊಂಡೆವು. ಕಿಟಕಿ ಬಳಿ ಕಾವಲು ಅಮ್ಮನದು. ಅವಳು ಹಾರಿದ ಕೂಡಲೇ ಅಮ್ಮ ಕೈ ಎತ್ತಬೇಕು, ವಾಪಸ್ ಬಂದರೆ ಇಳಿಸಬೇಕು. ಮಾತಿಲ್ಲ.

ಮೊದಲ ತುಂಡು, ಹಣ್ಣು ಇಳಿಸುವುದು. ಕೈಯಿಂದ ಕಿತ್ತರೆ ಕೊಂಬೆ ಜಗ್ಗುತ್ತದೆ, ಅದಕ್ಕೆ ಕತ್ತರಿಯಲ್ಲಿ ತೊಟ್ಟು ಕತ್ತರಿಸಿ ಒಂದೊಂದಾಗಿ ಬುಟ್ಟಿಗೆ. ನಾಲ್ಕು ಸರದಿಯಲ್ಲಿ 31 ಹಣ್ಣು, ತೂಕ ಮೂರೂವರೆ ಕೆ.ಜಿ. ಗೂಡಿನ ಪಕ್ಕದ ಎರಡು ಹಣ್ಣು ಬಿಟ್ಟೆವು. ಆ ಸೂರಿನ ಎಲೆ ಇದ್ದ ರೆಂಬೆಯಲ್ಲೇ ಅವು ಇದ್ದವು. ಬರೀ ಹಣ್ಣು ಇಳಿಸಿದ್ದಕ್ಕೇ ಕೊಂಬೆ ಎರಡು ಸೆಂ.ಮೀ. ಮೇಲೆದ್ದಿತು.

ಎರಡನೇ ತುಂಡು, ಹಲಗೆ. ಒಂದು ಅಡಿ ಚೌಕದ ಪ್ಲೈವುಡ್ ಮಣ್ಣಿನ ಮೇಲೆ ಮಟ್ಟ ಮಾಡಿ ಇಟ್ಟೆ.

ಮೂರನೆಯದು ಕಷ್ಟದ್ದು. ಅಪ್ಪ ಎರಡೂ ಅಂಗೈ ಕೊಂಬೆ ಕೆಳಗೆ ಕೊಟ್ಟು, ಉಸಿರು ಹಿಡಿದು, ನಿಧಾನಕ್ಕೆ ಎತ್ತಿದರು. ಎಪ್ಪತ್ತು ದಾಟಿದ ಕೈ, ಒಂದಿಷ್ಟೂ ನಡುಗಲಿಲ್ಲ. ಐದೂವರೆ ಸೆಂ.ಮೀ. ಎತ್ತಿದ ಮೇಲೆ ಸೀಳಿನಿಂದ ಸಣ್ಣಗೆ ಕಿರ್ ಅಂತ ಸದ್ದು ಬಂತು. 'ಸಾಕು' ಅಂದರು. ನಾನು ಕವೆಯನ್ನು ಕೆಳಗೆ ಸೇರಿಸಿ, ಗೂಟದ ಬುಡವನ್ನು ಹಲಗೆ ಮೇಲೆ ನಿಲ್ಲಿಸಿದೆ. ಅವರು ಕೈ ಬಿಟ್ಟರು. ಕೊಂಬೆ ಕೂತಿತು.

ಅಮ್ಮನ ಕೈ ಇಳಿಯಿತು. ನಾವಿಬ್ಬರೂ ಹಿಂದೆ ಸರಿದೆವು. ಅವಳು ಬಂದಳು, ಆದರೆ ಕೂರಲಿಲ್ಲ. ಗೂಟದ ಮುಂದೆ ಗಾಳಿಯಲ್ಲಿ ನಿಂತಳು. ಕವೆಯ ಎಡಕ್ಕೆ, ಬಲಕ್ಕೆ, ಕೆಳಕ್ಕೆ. ಗೂಟ ವಾಲದಿರಲಿ ಅಂತ ನಾನು ಹಾಕಿದ್ದ ಕ್ಲ್ಯಾಂಪಿನ ಹಿಡಿ ಕೆಂಪು ಬಣ್ಣದ್ದು. ಅದಕ್ಕೆ ಹೋಗಿ ಕೊಕ್ಕು ತಾಗಿಸಿದಳು. ಹೂ ಅಂತ ನೋಡುತ್ತಿದ್ದಳೇನೋ. ಎರಡು ನಿಮಿಷ ಹೀಗೇ. ಆಮೇಲೆ ಗೂಡಿನ ಅಂಚಿಗೆ ಇಳಿದಳು, ಒಳಗೆ ನೋಡಿದಳು, ಕೂತಳು, ಹೊಟ್ಟೆ ಆಡಿಸಿ ಮೊಟ್ಟೆ ಸರಿ ಮಾಡಿಕೊಂಡಳು. ಅಮ್ಮ ಕಿಟಕಿಯ ಒಳಗಿನಿಂದಲೇ ಕೈ ಮುಗಿದಳು. ಮುಂದಿನ ಸರದಿಯಲ್ಲಿ ಮೊದಲು ಆ ಕ್ಲ್ಯಾಂಪ್ ತೆಗೆದು ಬೂದು ಬಣ್ಣದ್ದು ಹಾಕಿದೆ. ಕೆಂಪು ಬಣ್ಣದ ಯಾವ ಸಾಮಾನನ್ನೂ ಗೂಡಿನ ಹತ್ತಿರ ಒಯ್ಯಬೇಡಿ.

ಫೆಬ್ರವರಿ 6 ಮತ್ತು 7

ಗೂಡು ಇನ್ನೂ ಎಂಟು ಒಂಬತ್ತು ಡಿಗ್ರಿ ವಾಲಿತ್ತು. ಉಳಿದದ್ದನ್ನು ಬೆಣೆಯಿಂದ ಎತ್ತುವುದು. ಮೋಲ್ಡ್ ಹಾಕುವಾಗ ಕಂಬದ ಬುಡಕ್ಕೆ ಎರಡು ಬೆಣೆಗಳನ್ನು ಎದುರುಬದುರು ಕೊಡುತ್ತಾರಲ್ಲ, ಅದೇ ಲೆಕ್ಕ. ಎರಡೂ ಬೆಣೆ ಒಂದರ ಮೇಲೊಂದು ಜಾರುತ್ತಾ ಹೋದರೆ ಮೇಲಿನ ಮೈ ಮಟ್ಟವಾಗಿಯೇ ಇರುತ್ತದೆ, ಗೂಟ ವಾಲದೆ ನೇರ ಏರುತ್ತದೆ. ಒಂದೇ ಬೆಣೆ ಕೊಟ್ಟರೆ ಗೂಟದ ಬುಡ ಓರೆಯಾಗುತ್ತದೆ. ಗೂಟದ ಉಳಿದ ತುಂಡಿನಲ್ಲೇ ಉದ್ದದ ಎರಡು ಬೆಣೆ ಕೊಯ್ದೆ.

ಸುತ್ತಿಗೆ ಮುಟ್ಟಲಿಲ್ಲ. ಏಟಿನ ಅದುರು ನೇರ ಗೂಡಿಗೆ ಹೋಗುತ್ತದೆ. ಅಂಗೈಯಿಂದ ಒತ್ತಿದ್ದು ಅಷ್ಟೇ. ಒಂದು ಒತ್ತಿಗೆ ಸುಮಾರು 3 ಮಿ.ಮೀ. ದಿನಕ್ಕೆ ಐದು ಒತ್ತು, ನಡುವೆ ಎರಡು ಗಂಟೆ ಬಿಡುವು. ಎರಡು ದಿನಕ್ಕೆ ಮೂರು ಸೆಂ.ಮೀ. ಏರಿತು. ವಾಲಿಕೆ ಐದು ಡಿಗ್ರಿಗೆ ಬಂದಾಗ ನಿಲ್ಲಿಸಿದೆವು. ಪೂರ್ತಿ ನೇರ ಮಾಡುವ ಆಸೆ ನನಗಿತ್ತು. ಅಪ್ಪ ಬಿಡಲಿಲ್ಲ. ಹಿಡಿದುಕೊಂಡಿರುವ ಕೆಳಗಿನ ಅರ್ಧವೂ ಬಿರಿದರೆ ಮಾಡಿದ್ದೆಲ್ಲ ಹಾಳು.

ಆಮೇಲೆ ಸೀಳಿಗೆ ಕಟ್ಟು. ಸೈಕಲ್ ಟ್ಯೂಬಿನ ಎರಡು ಬೆರಳು ಅಗಲದ ಪಟ್ಟಿಯನ್ನು ಎಳೆದು ಎಳೆದು ಸುತ್ತಿ, ತುದಿಯನ್ನು ಕೊನೆಯ ಸುತ್ತಿನ ಕೆಳಗೆ ಸಿಗಿಸಿದೆ. ಟ್ಯೂಬ್ ಹಿಗ್ಗುತ್ತದೆ, ಕೊಂಬೆ ದಪ್ಪವಾದರೂ ಕೊಯ್ಯುವುದಿಲ್ಲ. ಸೀಳಿನ ಒಳಗೆ ಪೇಂಟ್, ಮೇಣ ಏನೂ ತುಂಬಲಿಲ್ಲ.

ಫೆಬ್ರವರಿ 11

ಬೆಳಗ್ಗೆ ಅವಳು ಕೂರುವ ಬದಲು ಅಂಚಿನ ಮೇಲೆ ನಿಂತಿದ್ದಳು. ಕತ್ತು ಬಗ್ಗಿಸಿ, ಕೊಕ್ಕು ಒಳಗೆ ಇಳಿಸಿ, ಗಂಟಲನ್ನು ಹೊಲಿಗೆ ಮಿಷಿನ್ ಸೂಜಿಯ ಹಾಗೆ ಮೇಲೆ ಕೆಳಗೆ ಆಡಿಸಿದಳು. ತಿಂದು ಬಂದ ಸಣ್ಣ ಹುಳು, ಹೂವಿನ ರಸ ಎರಡನ್ನೂ ಮರಿಗೆ ಹಾಗೆ ಕಕ್ಕಿ ಕೊಡುತ್ತಾಳೆ. ಮೊಟ್ಟೆ ಒಡೆದಿತ್ತು. ಸುಮಾರು ಹದಿನಾರು ದಿನದ ಕಾವು. ಆ ಗಾಳಿಯ ರಾತ್ರಿಯೂ ಅದರಲ್ಲಿ ಸೇರಿದೆ.

ಮರಿ ಬೆಳೆಯಲು ಸಕ್ಕರೆ ನೀರು ಸಾಲದು, ಹುಳು ಬೇಕು. ಅಮ್ಮ ಬಾಳೆಹಣ್ಣಿನ ಸಿಪ್ಪೆಗಳನ್ನು ಒಂದು ಬಕೆಟ್ಟಿಗೆ ಹಾಕಿ ಹಿತ್ತಲ ಇನ್ನೊಂದು ಮೂಲೆಯಲ್ಲಿ ಇಟ್ಟಳು. ಮೂರು ದಿನಕ್ಕೆ ಅದರ ಮೇಲೆ ಹಣ್ಣು ನೊಣ ಎದ್ದವು. ಅವಳು ಆ ನೊಣಗಳ ಗುಂಪಿನ ಮಧ್ಯೆ ನಿಂತು, ಒಂದೊಂದನ್ನೇ ಗಾಳಿಯಲ್ಲೇ ಹಿಡಿದು ತಿನ್ನುತ್ತಿದ್ದಳು.

ಫೆಬ್ರವರಿ 18, 19

ಮತ್ತೆ ಮಳೆ ಗಾಳಿ. ಮುನ್ನಾದಿನವೇ ಸುದ್ದಿ ಇತ್ತು. ಅಪ್ಪನಿಗೆ ಗೂಡಿನ ಮೇಲೆ ತಗಡಿನ ಪುಟ್ಟ ಸೂರು ಕಟ್ಟುವ ಆಸೆ. ತುಪ್ಪದ ಡಬ್ಬಿ ಕೊಯ್ದು, ಅಂಚು ಮಡಚಿ ತಯಾರೂ ಮಾಡಿಟ್ಟಿದ್ದರು. ತುಂಬಾ ನೀಟಾದ ಕೆಲಸ. ನಾನು ಬೇಡ ಅಂದೆ. ಅವಳು ಬರುವುದು ಮೇಲಿನಿಂದ ಓರೆಯಾಗಿ, ಆ ದಾರಿಗೆ ತಗಡು ಅಡ್ಡ ಬರುತ್ತದೆ. ತಗಡಿನ ಮೇಲೆ ಮಳೆ ಹನಿಯ ಸದ್ದು ಬೇರೆ. ಅವಳು ತಾನೇ ಆರಿಸಿಕೊಂಡ ಎಲೆ ಮೇಲೆ ಇದ್ದೇ ಇತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಡಬ್ಬಿಯನ್ನು ಗ್ಯಾರೇಜಿನಲ್ಲಿ ಇಟ್ಟು ಬಂದರು.

ಬದಲಿಗೆ ಗೂಟಕ್ಕೆ ಎರಡು ಓರೆ ಆಸರೆ ಕೊಟ್ಟೆವು, ಬುಡದಲ್ಲಿ ಗೂಟ ಹೊಡೆದು ನಿಲ್ಲಿಸಿ. ಗಾಳಿ ಯಾವ ಕಡೆಯಿಂದ ಬಂದರೂ ಅಡ್ಡ ಬೀಳದ ಹಾಗೆ. ರಾತ್ರಿ ಮೂರು ಸಲ ಎದ್ದು ಟಾರ್ಚ್ ಇಲ್ಲದೆ ಕಿಟಕಿಯಿಂದ ನೋಡಿದೆ. ಗೂಟದ ಕರಿ ಗೆರೆ ನೆಟ್ಟಗೆ ಇತ್ತು. ಬೆಳಗ್ಗೆ ಹಲಗೆ ಹೂತಿರಲಿಲ್ಲ, ಬೆಣೆ ಜಾರಿರಲಿಲ್ಲ. ಎಂಟು ದಿನದ ಮರಿಗಳ ಮೇಲೆ ಅವಳು ರೆಕ್ಕೆ ಅಗಲಿಸಿ ಕೂತಿದ್ದಳು. ಬೆನ್ನಿನ ಗರಿಗಳ ಮೇಲೆ ನೀರು ಮಣಿಮಣಿಯಾಗಿ ನಿಂತಿತ್ತು.

ಫೆಬ್ರವರಿ ಕೊನೆ

ಜೇಡರ ನೂಲು ಯಾಕೆ ಅನ್ನುವುದು ಕಣ್ಣಿಗೆ ಕಂಡಿದ್ದು ಈಗ. ಮರಿ ದಪ್ಪವಾದ ಹಾಗೆ ಗೂಡೂ ಹಿಗ್ಗುತ್ತಾ ಹೋಯಿತು. ನೂಲು ಅಂಟು ಅಷ್ಟೇ ಅಲ್ಲ, ಎಳೆದರೆ ಬರುತ್ತದೆ, ಹರಿಯುವುದಿಲ್ಲ. ಜನವರಿಯಲ್ಲಿ ಬಾಯಿ ಕಿರಿದಾಗಿದ್ದ ಬಟ್ಟಲು ಈಗ ಅಗಲದ ತಟ್ಟೆ ಆಗಿತ್ತು. ಮೊದಲು ಕಪ್ಪಗೆ, ಗರಿ ಇಲ್ಲದೆ, ಹುಣಸೆ ಬೀಜದ ಹಾಗೆ ಇದ್ದ ಮರಿಗಳಿಗೆ ಮುಳ್ಳು ಮುಳ್ಳಾಗಿ ಗರಿ ಹೊರಟಿತ್ತು. ಹಿಕ್ಕೆ ಹಾಕುವಾಗ ಹಿಂದಕ್ಕೆ ಸರಿದು, ಬಾಲ ಎತ್ತಿ ಅಂಚಿನಾಚೆ ಸಿಡಿಸುತ್ತಿದ್ದವು. ಗೂಡಿನ ಒಳಗೆ ಒಂದು ಹನಿ ಇಲ್ಲ. ನಮ್ಮ ಕವೆಗೋಲಿನ ಮೇಲೆ ಮಾತ್ರ ಬಿಳಿ ಚುಕ್ಕೆಗಳ ಸಾಲು.

ಹಗಲಲ್ಲಿ ತಾಯಿ ಗೂಡಲ್ಲಿ ಕೂರುವುದೇ ನಿಂತಿತು. ಬರುವುದು, ಉಣಿಸುವುದು, ಹೋಗುವುದು. ಮರಿಗಳ ಮೈಗೆ ತಮ್ಮ ಬಿಸಿ ತಾವೇ ಉಳಿಸಿಕೊಳ್ಳುವ ಶಕ್ತಿ ಬಂದಿತ್ತು. ತಾಯಿ ಬಿಟ್ಟು ಹೋದಳು ಅಂತ ಬಹಳ ಜನ ಗಾಬರಿ ಆಗುವುದು ಈ ಹಂತದಲ್ಲೇ. ಮರಿಗೆ ನೀರು ಕುಡಿಸಲು ಹೋಗಬೇಡಿ. ದೂರ ಕೂತು ಒಂದು ಗಂಟೆ ಕಣ್ಣು ತೆಗೆಯದೆ ನೋಡಿ. ಅವಳು ಬಂದು ಹೋಗುವುದು ಕೆಲವೇ ಸೆಕೆಂಡು, ಕಣ್ಣು ತಪ್ಪಿದರೆ ಕಾಣುವುದೇ ಇಲ್ಲ.

ಮಾರ್ಚ್ 6

ಎರಡು ದಿನದಿಂದ ಮರಿಗಳು ಅಂಚನ್ನು ಕಾಲಿನಿಂದ ಬಿಗಿಯಾಗಿ ಹಿಡಿದು ರೆಕ್ಕೆ ಬಡಿಯುತ್ತಿದ್ದವು. ಬೆಳಗ್ಗೆ ಒಂಬತ್ತಕ್ಕೆ ಒಂದು ಕಾಲು ಬಿಟ್ಟಿತು. ನೇರ ಮೇಲಕ್ಕೆ ಎದ್ದು, ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಬೇಲಿಯ ಮೇಲೆ ಕೂತಿತು. ಮರುದಿನ ಇನ್ನೊಂದು ಹೋಯಿತು. ಹತ್ತು ದಿನ ಅವೆರಡೂ ಹಿತ್ತಲಲ್ಲೇ ಇದ್ದವು, ತಾಯಿ ಹುಡುಕಿಕೊಂಡು ಬಂದು ಉಣಿಸುತ್ತಿದ್ದಳು.

ಖಾಲಿ ಗೂಡನ್ನು ಊರಿಗೆ ಒಯ್ಯಬೇಕು ಅಂತ ಅಮ್ಮನಿಗೆ ಆಸೆ. ಅದೂ ಆಗುವುದಿಲ್ಲ. ಖಾಲಿ ಗೂಡು ಇಟ್ಟುಕೊಳ್ಳುವುದಕ್ಕೂ ಅದೇ ಕಾಯ್ದೆ ಒಪ್ಪುವುದಿಲ್ಲ. ಕೊಂಬೆಯ ಮೇಲೇ ಬಿಟ್ಟೆವು. ಅದು ಒಳ್ಳೆಯದೇ ಆಯಿತು. ಏಪ್ರಿಲ್ ಮೊದಲ ವಾರ ಹೆಣ್ಣು ಹಕ್ಕಿಯೊಂದು ಬಂದು ಹಳೇ ಗೂಡಿನಿಂದ ನವಿರು ಕಿತ್ತು ಕಿತ್ತು ಬೇಲಿಯಾಚೆ ಪಕ್ಕದ ಮನೆ ಮರಕ್ಕೆ ಒಯ್ದಳು. ಇವು ಒಂದು ಋತುವಿನಲ್ಲಿ ಎರಡು ಮೂರು ಸಲ ಮರಿ ಮಾಡುತ್ತವೆ. ನಮ್ಮವಳೇ ಅಂತ ಅಮ್ಮ ಖಾತ್ರಿಯಾಗಿ ಹೇಳುತ್ತಾಳೆ.

ಮೇ, ಜೂನ್

ಕೊಂಬೆ ಕತ್ತರಿಸುವ ಮಾತು ಯಾರೂ ಎತ್ತಲಿಲ್ಲ. ಮೇ ತಿಂಗಳಲ್ಲಿ ಟ್ಯೂಬ್ ಬಿಚ್ಚಿ ನೋಡಿದರೆ ಸೀಳಿನ ಎರಡೂ ಅಂಚಿನಲ್ಲಿ ತೊಗಟೆ ಉಬ್ಬಿ ಗಂಟು ಕಟ್ಟುತ್ತಿತ್ತು. ಮತ್ತೆ ಸಡಿಲಾಗಿ ಸುತ್ತಿದೆ. ಅಪ್ಪ ಅಮ್ಮ ತಿಂಗಳ ಕೊನೆಗೆ ಊರಿಗೆ ಹೊರಟರು. ಹೊರಡುವ ದಿನ ಅಪ್ಪ ಬೆಣೆ ತೆಗೆಯುವ ಕ್ರಮ ಹೇಳಿಕೊಟ್ಟರು: ಒಂದೇ ಸಲ ಎಳೆಯಬಾರದು, ವಾರಕ್ಕೆ ಒಂದು ಬೆರಳು. ಕೊಂಬೆ ತನ್ನ ಭಾರ ತಾನೇ ಹೊರುವುದನ್ನು ಮತ್ತೆ ಕಲಿಯಬೇಕು.

ಜೂನ್ 23ರಂದು ಅಪ್ಪನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಬೇಲಿಗೆ ಒರಗಿಸಿ, ಕೊನೆಯ ಬೆಣೆ ಎಳೆದೆ. ಕವೆಗೂ ಕೊಂಬೆಗೂ ನಡುವೆ ಒಂದು ಕಾಗದ ತೂರುವಷ್ಟು ಬೆಳಕು ಕಂಡಿತು. ಕೊಂಬೆ ಇಳಿಯಲಿಲ್ಲ. 'ಗೂಟ ತೆಗೀಬೇಡ, ಅಲ್ಲೇ ಇರಲಿ' ಅಂದರು ಅಪ್ಪ. 'ಡಿಸೆಂಬರ್‌ಗೆ ಮತ್ತೆ ಹಣ್ಣು ತುಂಬುತ್ತೆ.'